ಕಿನ್ನಾಳದ ಗೊಂಬೆಯ ಜಾಗ

ಕೊಪ್ಪಳ ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. ಅಲ್ಲಿನ ದವಾಖಾನೆಯಲ್ಲಿ ನರ್ಸುಗಳಿಗೆ ಕಲಿಸಲೆಂದು ಕಿನ್ನಾಳದಿಂದ ಆಳೆತ್ತರದ ಮರದ ಹೆಂಗಸನ್ನು ಮಾಡಿಸಿ ತಂದಿದ್ದರು. ಮೂತ್ರ ಕಟ್ಟಿದವರಿಗೆ ರಬ್ಬರ್ ನಳಿಗೆ ಹಾಕುವುದು, ತೊಳೆಯುವುದು, ತೆಗೆಯುವುದು ಎಲ್ಲ ಅದರ ಮೇಲೆಯೇ. ತೊಳೆದೂ ತೊಳೆದೂ ಗೊಂಬೆಯ ಬಣ್ಣ ಕಿತ್ತು, ಮರ ಉಬ್ಬಿ, ತೂತು ಮುಚ್ಚಿಹೋಯಿತು. ಅದೇ ವಾರ ಬೇವೂರಿನ ಕೂಲಿ ಹೆಂಗಸು ಉಡಚಮ್ಮ ಬಂದಳು. ಹೆರಿಗೆ ಕಷ್ಟವಾಗಿ ಮೂತ್ರ ಕಟ್ಟಿತ್ತು. ನಳಿಗೆ ಹಾಕಿದರು, ಜೀವ ಉಳಿಯಿತು. ಅಲ್ಲಿಯವರೆಗೆ ತಕರಾರಿಲ್ಲ.

ಆಮೇಲೆ ನಳಿಗೆಯಿಂದ ಅವಳಿಗೆ ಬಿಡುಗಡೆಯೇ ಆಗಲಿಲ್ಲ. ಕಲಿಯುವವರಲ್ಲಿ ಒಬ್ಬಳು ತೆಗೆಯುವಳು, ಇನ್ನೊಬ್ಬಳು ಹಾಕುವಳು. ಗಂಗಾವತಿಯಿಂದ ನರ್ಸ್ ಕೆಲಸ ಕಲಿಯಲು ಬಂದ ಹಜರತಬೀಗೆ ಅನುಮಾನ ಹತ್ತಿತು. ಹಿಂದಿನ ದಿನ ನಳಿಗೆ ಬದಲಿಸುವಾಗ ಉಡಚಮ್ಮನಿಗೆ ಉಚ್ಚೆ ತಾನಾಗಿಯೇ ಬಂದಿತ್ತು. ಕಲಿಸುವ ಶೇಖರಮ್ಮ ಅದನ್ನು ನೋಡಿಯೂ, "ಹ್ಞೂಂ, ಮುಂದಿನಾಕಿ ಬಾ" ಎಂದಿದ್ದರು.

ಈಗ ಉಡಚಮ್ಮನ ಮೈ ಸುಡುತ್ತಿತ್ತು. ಹಸುಗೂಸು ಊರಲ್ಲಿ ತಂಗಿಯ ಬಳಿ ಇತ್ತು.

"ಎದಿಹಾಲು ಬತ್ತಾಕತ್ತೈತಿ. ನನ್ನ ಯಾಕ ಬಿಡವಲ್ರು?" ಎಂದು ಹಜರತಬೀಯನ್ನು ಕೇಳಿದಳು. "ನೀನೂ ಅವರ ಪೈಕಿನ ಹೌದಿಲ್ಲೋ?"

ಹಜರತಬೀ ಶೇಖರಮ್ಮನ ಹತ್ತಿರ ಹೋದಳು. "ಅಕ್ಕಾರ, ಆಕಿಗೆ ಜ್ವರ ಬಂದಾವ. ನಳಗಿ ಬೇಕೋ ಬ್ಯಾಡೋ ದಿನಾ ಕೇಳ್ಕೋರಿ ಅಂತ ನೀವ ಕಲಿಸೀರಿ."

"ನಾಳೆ ಹೈದರಾಬಾದಿನ ಲೇಡಿ ಡಾಕ್ಟರ್ ನಿಮ್ಮ ಕಲಿಕಿ ನೋಡಾಕ ಬರ್ತಾರ. ಅಲ್ಲೀತನಕ ಇರ್ಲಿ."

"ಗೊಂಬಿ ರಿಪೇರಿ ಮಾಡಿಸಿದ್ರ ಆಗ್ತಿತ್ತಲ್ರಿ."

"ಗೊಂಬಿ ಉಚ್ಚಿ ಹೊಯ್ತೈತೇನ?" ಶೇಖರಮ್ಮ ನಕ್ಕರು. "ಇಲ್ಲೆ ಆಕಿಗೆ ಎರಡೂ ಹೊತ್ತು ರೊಟ್ಟಿ ಸಿಗತೈತಿ. ಮನ್ಯಾಗ ಏನೈತಿ?"

"ಸಾವ್ಕಾರ್ರ ಸೊಸಿ ಆಗಿದ್ರ ಇಡ್ತಿದ್ರೇನ್ರಿ?"

ಶೇಖರಮ್ಮನ ನಗು ನಿಂತಿತು.

ಮರುದಿನ ಲೇಡಿ ಡಾಕ್ಟರ್ ಬಂದರು. ಉಡಚಮ್ಮನ ನಳಿಗೆ ತೊಳೆದು ತೋರಿಸಲು ಹಜರತಬೀಯನ್ನು ಕರೆದರು. ಅವಳು ಕೈಗೆ ಸಾಬೂನು ಹಚ್ಚಿ, ಕುದಿಸಿ ಆರಿಸಿದ ನೀರಿನಿಂದ ಸುತ್ತಲೂ ತೊಳೆದಳು. ಆಮೇಲೆ ನಳಿಗೆಗೆ ಕಟ್ಟಿದ್ದ ಪಟ್ಟಿ ಬಿಚ್ಚಿ ಅದನ್ನು ಮೆಲ್ಲಗೆ ಎಳೆದು ತಟ್ಟೆಯಲ್ಲಿಟ್ಟಳು.

"ತೊಳಿ ಅಂದ್ರ ತೆಗದೆಲ್ಲ?" ಶೇಖರಮ್ಮ ಹಲ್ಲು ಕಚ್ಚಿದರು.

"ತೊಳದ ಮ್ಯಾಲ ತೆಗದೀನ್ರಿ."

ಉಚ್ಚೆ ಬಾರದಿದ್ದರೆ ಸಂಜೆಗೆ ಮತ್ತೆ ನಳಿಗೆ; ಆಗ ತಪ್ಪೆಲ್ಲ ಹಜರತಬೀಯದೇ. ಯಾರೂ ಕದಲಲಿಲ್ಲ.

"ಎಲ್ಲಾರೂ ಆಚೀಗಿ ಹೋಗ್ರಿ," ಎಂದಳು ಉಡಚಮ್ಮ. "ಇಷ್ಟ ಮಂದಿ ಕಣ್ಣ ಬಿಟಗೊಂಡು ನಿಂತ್ರ ಎಲ್ಲಿಂದ ಬರಬೇಕು?"

ಪರದೆಯ ಈಚೆ ಎಲ್ಲರೂ ಕಾದರು. ಬಹಳ ಹೊತ್ತಿನ ಮೇಲೆ ತಗಡಿನ ಪಾತ್ರೆಗೆ ನೀರು ಬಿದ್ದ ಸದ್ದಾಯಿತು.

"ಬಹುತ್ ಖೂಬ್," ಎಂದು ಲೇಡಿ ಡಾಕ್ಟರ್ ಶೇಖರಮ್ಮನ ಕೈ ಕುಲುಕಿದರು. ಶೇಖರಮ್ಮ ತಲೆಬಾಗಿ ಆ ಹೊಗಳಿಕೆಯನ್ನು ತಮ್ಮದೇ ಎಂಬಂತೆ ಇಟ್ಟುಕೊಂಡರು.

ಜ್ವರ ಇಳಿದ ಮೇಲೆ ಉಡಚಮ್ಮ ಬೇವೂರಿನ ಗಾಡಿ ಹತ್ತಿದಳು. ಅವಳನ್ನು ಕಳಿಸಿ ಹಜರತಬೀ ಒಳಗೆ ಬಂದಾಗ ಒಲೆಯ ಮೇಲೆ ಅದೇ ನಳಿಗೆ ಕುದಿಯುತ್ತಿತ್ತು. ಉಡಚಮ್ಮ ಮಲಗಿದ್ದ ಮಂಚದ ಮೇಲೆ ಹೊಸ ಬಾಣಂತಿಯೊಬ್ಬಳಿದ್ದಳು. ಶೇಖರಮ್ಮ ಬಗ್ಗಿ ಅವಳನ್ನು ಮೆತ್ತಗೆ ಕೇಳುತ್ತಿದ್ದರು: "ಯಾವೂರವಾ ನಿಂದು? ಕೇಳಾವ್ರು ಯಾರರ ಅದಾರೇನು?"

ಹಜರತಬೀ ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು.

"ಕೇಳಾಕ ನಾ ಅದೀನ್ರಿ," ಎಂದಳು.