ಕೇಳೋ ಮೊದಲೇ ಕೊಡೋ ಕೈ

ಆಪರೇಷನ್ ಥಿಯೇಟರಿನಲ್ಲಿ ನನ್ನದೊಂದೇ ಕಾನೂನು: ಡಾಕ್ಟರು ಬಾಯಿ ಬಿಡೋ ಮೊದಲೇ ಬೇಕಾದ್ದು ಅವರ ಕೈಯಲ್ಲಿರಬೇಕು. ಇಪ್ಪತ್ತೆಂಟು ವರ್ಷ ಸಿಸ್ಟರಾಗಿ ದುಡಿದಿದ್ದೀನಿ, ಒಬ್ಬ ಡಾಕ್ಟರ ಬಾಯಲ್ಲೂ "ಕತ್ತರಿ ಕೊಡಿ" ಅನ್ನಿಸಿದವಳಲ್ಲ. ಈ ಕಾನೂನು ತಲೆಗೆ ಹತ್ತದವಳು ಒಬ್ಬಳೇ, ನನ್ನ ಕೈಕೆಳಗಿನ ನರ್ಸು. ಡಾಕ್ಟರು ಕೈ ಚಾಚಿದರೆ "ಏನು ಬೇಕು ಮೇಡಂ?" ಅಂತ ನಿಧಾನಕ್ಕೆ ಕೇಳ್ತಾಳೆ. ಅದಕ್ಕೇ ಅವಳಿಗೆ ಆಮೆ ಅಂತ ಹೆಸರಿಟ್ಟಿದ್ದೆ. ಬೈದು ಬೈದು ನನ್ನ ನಾಲಿಗೆ ಸವೆಯಿತೇ ಹೊರತು ಆಮೆ ಓಡಲಿಲ್ಲ.

ಅದರಲ್ಲೂ ಟ್ಯೂಬಿನಲ್ಲಿ ಬಸಿರು ನಿಂತ ಕೇಸು ಬಂದರಂತೂ ನನ್ನ ಬಾಯಿಗೆ ತಡೆಯೇ ಇಲ್ಲ. ಗರ್ಭಚೀಲಕ್ಕೆ ಇಳಿಯಬೇಕಾದ ಪಿಂಡ ದಾರಿಯಲ್ಲೇ, ಕಡ್ಡಿಯಷ್ಟು ಸಣ್ಣ ಟ್ಯೂಬಿನಲ್ಲಿ ಠಿಕಾಣಿ ಹೂಡಿಬಿಡುತ್ತೆ. ಮೊದಲೆಲ್ಲ ವರ್ಷಕ್ಕೆ ಮೂರೋ ನಾಲ್ಕೋ ಬರ್ತಿದ್ದವು. ಬಂದವೆಲ್ಲ ಟ್ಯೂಬು ಒಡೆದು, ಹೊಟ್ಟೆ ತುಂಬ ರಕ್ತ ತುಂಬಿಕೊಂಡೇ. ಹೊಟ್ಟೆ ಕೊಯ್ಯಿ, ರಕ್ತ ನಿಲ್ಲೋಕೆ ಟ್ಯೂಬಿಗೆ ಇಕ್ಕಳ ಹಾಕು, ಟ್ಯೂಬು ತೆಗಿ, ಜೀವ ಉಳಿಸು. ಏನು ಬೇಕು ಅಂತ ಕೇಳ್ತಾ ನಿಂತರೆ ಹೆಣ. ಈಗ ತಿಂಗಳಿಗೆ ಎರಡು ಬರ್ತವೆ. ಕಾಲ ಕೆಟ್ಟೋಯ್ತು ಅಂತ ನಾನು ಗೊಣಗಿದರೆ ನಮ್ಮ ಡಾಕ್ಟರಮ್ಮ ನಗ್ತಾರೆ. "ಒಂದಷ್ಟು ನಿಜವಾಗ್ಲೂ ಹೆಚ್ಚಿವೆ ಸಿಸ್ಟರ್. ಆದರೆ ಮುಂಚೆ ಎಷ್ಟೋ ನಮ್ಮ ಕಣ್ಣಿಗೇ ಬೀಳ್ತಿರಲಿಲ್ಲ. ಈಗ ಒಡೆಯೋ ಮೊದಲೇ ಸ್ಕ್ಯಾನಿನಲ್ಲಿ ಸಿಕ್ಕಿಬೀಳ್ತವೆ."

ಮೊನ್ನೆ ಸಿಕ್ಕಿಬಿದ್ದಿದ್ದು ನನ್ನ ತಂಗಿಯದು.

ಒಂಬತ್ತು ವರ್ಷದ ಹಿಂದೆ ಅವಳ ಬಲಗಡೆ ಟ್ಯೂಬು ಒಡೆದಿತ್ತು. ಅವತ್ತು ಡ್ಯೂಟಿಯಲ್ಲಿ ಬೇರೆ ಯಾರೂ ಇರಲಿಲ್ಲ. ಇಕ್ಕಳ ಕೊಟ್ಟ ಕೈ ನನ್ನದೇ. ಈಗ ಉಳಿದಿರೋ ಎಡಗಡೆಯದರಲ್ಲೂ ಹಾಳಾದ್ದು ಅಲ್ಲೇ ನಿಂತಿದೆ. ಇದೂ ಹೋದರೆ ತಾನಾಗಿ ಬಸಿರಾಗೋ ಅವಳ ಆಸೆ ಮುಗೀತು. "ಟ್ಯೂಬು ಸೀಳಿ ಅದನ್ನಷ್ಟೇ ತೆಗೀತೀನಿ, ಟ್ಯೂಬು ಉಳಿಸೋಕೆ ನೋಡ್ತೀನಿ" ಅಂದರು ಡಾಕ್ಟರಮ್ಮ. ಅಕ್ಕ ಅನ್ನೋ ಕಾರಣಕ್ಕೆ ನನ್ನನ್ನು ಹೊರಗೆ ನಿಲ್ಲಿಸಿದರು. ಒಳಗೆ ಹೋಗಿದ್ದು ಯಾರು? ಆಮೆ!

ಬಾಗಿಲ ಗಾಜಿಗೆ ಮೂಗು ಒತ್ತಿಕೊಂಡು ನಿಂತೆ. ಈಗ ಹೊಟ್ಟೆಗೆ ಮೂರೇ ತೂತು, ಒಳಗಿನದೆಲ್ಲ ಟಿವಿಯಲ್ಲಿ ಕಾಣುತ್ತೆ. ನೋಡ್ತಾ ನೋಡ್ತಾ ಹೊಳೀತು, ಇಕ್ಕಳ ಬಿದ್ದರೆ ಟ್ಯೂಬು ಹೋದ ಹಾಗೇ. ಹಿಂದಿನ ದಿನವಷ್ಟೇ ಆಮೆಗೆ ಉಗಿದಿದ್ದೆ: "ಟ್ಯೂಬಿನ ಕೇಸಿನಲ್ಲಿ ರಕ್ತ ಕಂಡ ತಕ್ಷಣ ಇಕ್ಕಳ ಕೊಡು, ಬಾಯಿ ಮುಚ್ಚಿಕೊಂಡು ಕೊಡು!" ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಟಿವಿಯಲ್ಲಿ ಟ್ಯೂಬು ಸೀಳಿದ್ದಾಯ್ತು, ಒಳಗಿದ್ದದ್ದು ಹೊರಗೆ ಬಂತು, ಹಿಂದೆಯೇ ಕೆಂಪಗೆ ರಕ್ತ. ಡಾಕ್ಟರಮ್ಮ ಟಿವಿಯಿಂದ ಕಣ್ಣು ಕೀಳದೆ ಕೈ ಚಾಚಿದರು. "ಕೊಡಬೇಡ ಕಣೇ!" ಅಂತ ಗಾಜು ಬಡಿದೆ. ಆಯಾ ಓಡಿಬಂದು ತೋಳು ಹಿಡಿದೆಳೆದಳು. "ಸಿಸ್ಟರ್, ನಿಮಗೇನು ತಲೆ ಕೆಟ್ಟಿದೆಯಾ?"

ಒಳಗೆ ಆಮೆ ತಲೆ ಎತ್ತಿ ಏನೋ ಕೇಳಿದಳು. ಡಾಕ್ಟರಮ್ಮನ ಕೈ ಗಾಳಿಯಲ್ಲೇ ನಿಂತಿತು.

ಮುಕ್ಕಾಲು ಗಂಟೆ ಆದ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಮಾಸ್ಕ್ ಇಳಿಸಿದರು. "ಟ್ಯೂಬು ಉಳೀತು ಸಿಸ್ಟರ್. ರಕ್ತ ನೋಡಿ ನನಗೇ ಗಾಬರಿ ಆಗಿತ್ತು. ಆಗ ಕೈಗೆ ಇಕ್ಕಳ ಸಿಕ್ಕಿದ್ದರೆ ಟ್ಯೂಬನ್ನೇ ಹಿಡಿದು ತೆಗೆದುಬಿಡ್ತಿದ್ದೆ. ಇವಳು 'ಏನು ಬೇಕು ಮೇಡಂ' ಅಂದಳು. ಹೌದಲ್ಲ, ಏನು ಬೇಕು ಅಂತ ಯೋಚಿಸಿದೆ. ಸ್ವಲ್ಪ ಹೊತ್ತು ಒತ್ತಿ ಹಿಡಿದೆ, ರಕ್ತ ನಿಂತೇಹೋಯ್ತು. ವಾರವಾರ ರಕ್ತ ಪರೀಕ್ಷೆ ಮಾತ್ರ ತಪ್ಪಿಸಬೇಡಿ, ಒಳಗೆ ಚೂರುಪಾರು ಉಳಿದಿದ್ದರೆ ಗೊತ್ತಾಗುತ್ತೆ."

ಆಮೆ ಹಿಂದೆ ನಿಂತು ಗ್ಲೌಸ್ ಬಿಚ್ಚುತ್ತಿದ್ದಳು. "ನೀವು ಹೇಳಿಕೊಟ್ಟಿದ್ದು ಮರೆತೇಹೋಯ್ತು ಸಿಸ್ಟರ್. ಬೈಬೇಡಿ." ತಾಳಿದವರು ಬಾಳ್ಯಾರು ಅಂತ ದೊಡ್ಡವರು ಹೇಳಿದ್ದು ಇವಳನ್ನು ನೋಡಿಯೇ ಇರಬೇಕು. ಬೈಯೋದಿರಲಿ, ಅವಳನ್ನು ತಬ್ಬಿಕೊಂಡು ಗೊಳೋ ಅಂತ ಅತ್ತುಬಿಟ್ಟೆ.

ಸಂಜೆ ತಂಗಿ ಕಣ್ಣು ಬಿಟ್ಟಳು. ನನ್ನ ಮುಖ ನೋಡಿ, ನನ್ನ ಬಲಗೈ ಹಿಡಿದುಕೊಂಡಳು.

"ಅಕ್ಕಾ, ಈ ಸಲವೂ ಇಕ್ಕಳ ಕೊಟ್ಟಿದ್ದು ನೀನೇನಾ?"

"ಇಲ್ಲ ಕಣೇ" ಅಂದೆ. "ಪುಣ್ಯಕ್ಕೆ ನಾನು ಹೊರಗಿದ್ದೆ."