ಚಿಪ್ಪಿನಲ್ಲಿ ಉಳಿದದ್ದು

ಕಿಣಿ ಎಂದಿತು — ಏನದು, ಕಾಲಿಗೆ ತಗುಲಿ ಉರುಳಿದ್ದು ತೆಂಗಿನ ಚಿಪ್ಪು, ಬರಿಯ ಚಿಪ್ಪು ಸಿಮೆಂಟಿನ ಮೇಲೆ ಬಿದ್ದರೆ ಟೊಕ್ಕೆನ್ನುತ್ತದೆ, ಇದು ಕಿಣಿ ಎಂದಿತು, ಒಳಗಿಂದ ಏನೋ ಜಾರಿ ಬಿದ್ದಿದೆ, ಸ್ನಾನ ಮುಗಿಸಿ ಒದ್ದೆ ತಲೆಯಲ್ಲಿ ಬರುತ್ತಿದ್ದೇನೆ, ಸಂಜೆಯ ಪ್ರಾರ್ಥನೆಗೆ ಹೊತ್ತಾಯಿತು, ಬಗ್ಗಲು ಮೊಣಕಾಲು ಒಲ್ಲೆನ್ನುತ್ತದೆ, ಆದರೂ ಬಗ್ಗಿ ಅಂಗಳದಲ್ಲಿರುವ ನನ್ನ ಹೆಂಡತಿ ಫುವಾಟಿನೊಳ ಸಮಾಧಿಯ ಕಟ್ಟೆಯ ಬುಡದಲ್ಲಿ ತಡವುತ್ತೇನೆ, ಬೆರಳಿಗೆ ಸಿಕ್ಕಿತು, ತಣ್ಣಗೆ, ಉಗುರಿನಷ್ಟು, ಗ್ರೀಸು ಮೆತ್ತಿದ ಸಣ್ಣ ಕಬ್ಬಿಣ — ಕ್ಲಿಪ್ಪು. ಕ್ಲಿಪ್ಪು ಇಲ್ಲಿ ಏಕಿದೆ, ಇದು ಕಾರಿನ ಹೊಟ್ಟೆಯಡಿಯಲ್ಲಿ ಇರಬೇಕಾದದ್ದು, ಗೇರಿನ ಕೇಬಲ್ಲಿನ ತುದಿ ಪಿನ್ನಿನಿಂದ ಕಳಚದಂತೆ ಹಿಡಿದಿರಬೇಕಾದದ್ದು, ಕಾರು ಬೆಳಿಗ್ಗೆಯೇ ಹೋಯಿತು, ಲುಪೆ ಓಡಿಸಿಕೊಂಡು ಹೋದಳು, ನನ್ನ ಮಗಳು, ಹಿಂದಿನ ಸೀಟಿನಲ್ಲಿ ಅವಳ ಎರಡು ಕೂಸುಗಳು, ಪಟ್ಟಣಕ್ಕೆ, ಗುಡ್ಡ ಹತ್ತಿ ಗುಡ್ಡ ಇಳಿದು, ಕ್ಲಿಪ್ಪು ಇಲ್ಲಿದ್ದರೆ ಅಲ್ಲಿ ಏನಿದೆ, ಅಲ್ಲಿ ಏನೂ ಇಲ್ಲ, ಕರ್ತನೇ, ಅಲ್ಲಿ ಏನೂ ಇಲ್ಲ. ಹಾಕಿದ್ದೆನಲ್ಲ, ಹಾಕಿದೆ ಎಂದೇ ಎದೆ ಹೇಳುತ್ತಿತ್ತು, ನಿನ್ನೆ ಸಂಜೆ ಕಾರಿನಡಿಯಲ್ಲಿ ಅಂಗಾತ ಮಲಗಿದ್ದೆ, ಒಡೆದು ಪುಡಿಯಾದ ಹಳೆಯ ರಬ್ಬರು ಬುಷ್ಷು ತೆಗೆದೆ, ಹೊಸದನ್ನು ಒತ್ತಿ ಕೂರಿಸಿದೆ, ಕೇಬಲ್ಲಿನ ತುದಿಯನ್ನು ಪಿನ್ನಿಗೆ ಏರಿಸಿದೆ, ವಾಷರು ಹಾಕಿದೆ, ಕ್ಲಿಪ್ಪಿಗೆಂದು ಚಿಪ್ಪಿನ ಕಡೆ ಕೈ ಚಾಚಿದೆ, ಆಗ ಪ್ರಾರ್ಥನೆಯ ಶಂಖ ಮೊಳಗಿತು. ಶಂಖ ಊದಿದ ಮೇಲೆ ಈ ಊರಿನಲ್ಲಿ ಯಾರ ಕೈಯೂ ಆಡುವುದಿಲ್ಲ, ಕೊಡಲಿ ಎತ್ತಿದವನು ಇಳಿಸುತ್ತಾನೆ, ಒಲೆಯ ಮುಂದಿನವಳು ಏಳುತ್ತಾಳೆ, ಪ್ರಾರ್ಥನೆ ಮುಗಿದು ಎರಡನೆಯ ಶಂಖ ಊದುವತನಕ ದಾರಿಯಲ್ಲಿ ಕೋಳಿ ಸಹ ನಡೆಯಬಾರದು, ಮೂವತ್ತು ವರ್ಷದಿಂದ ಸಭೆಯ ಹಿರಿಯ ನಾನು, ಸ್ಪಾನರು ಅಲ್ಲಿಯೇ ಬಿಟ್ಟು ತೆವಳಿ ಹೊರಗೆ ಬಂದೆ, ಕೈ ತೊಳೆದೆ, ಕೀರ್ತನೆ ಹಾಡಿದೆ, ಆಮೇಲೆ ಮಳೆ, ಕತ್ತಲೆ, ಊಟ, ನಿದ್ದೆ. ಬೆಳಿಗ್ಗೆ ಎದ್ದು ಸ್ಪಾನರುಗಳನ್ನು ಮಾತ್ರ ಎತ್ತಿಟ್ಟೆ, ಎಂಜಿನು ಹೊತ್ತಿಸಿ ಗೇರಿನ ಕಡ್ಡಿ ಎಳೆದು ನೋಡಿದೆ, ಪಿ ಎಂದರೆ ನಿಲ್ಲುವ ಪಿ, ಡಿ ಎಂದರೆ ಓಡುವ ಡಿ, ಬೆಣ್ಣೆಯಂತೆ ಹೋಯಿತು, ಹಿಗ್ಗಿದೆ. ಹಿಗ್ಗಿದೆನಲ್ಲ.

ಚಿಪ್ಪು ಅಲ್ಲಾಡಿಸುವವಳು ಫುವಾಟಿನೊ, ಪ್ರತಿ ಸಲವೂ ಅವಳೇ, ನಾನು ಬಿಚ್ಚಿದ ನಟ್ಟು ಬೋಲ್ಟುಗಳನ್ನೆಲ್ಲ ಚಿಪ್ಪಿಗೆ ಹಾಕುವುದು, ಕೆಲಸ ಮುಗಿಯಿತು ಕಣೇ ಎಂದು ನಾನು ಎದ್ದರೆ ಅವಳು ಚಿಪ್ಪನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು, ಸದ್ದಾದರೆ, ಏ ಮುದುಕಾ, ಇನ್ನೂ ಒಂದು ಮಿಕ್ಕಿದೆ ನೋಡು, ಇದೇನು ಸಾರಿಗೆ ಹಾಕ್ಲಾ, ಮತ್ತೆ ನುಗ್ಗು ಕೆಳಗೆ, ಎಂದು ಕಾಲಿನಿಂದ ನನ್ನ ಸೊಂಟಕ್ಕೆ ತಿವಿಯುವಳು, ಅವಳು ಈ ಕಟ್ಟೆಯೊಳಗೆ ಮಲಗಿ ಒಂಬತ್ತು ವಾರವಾಯಿತು, ನಿನ್ನೆಯೂ ನಾನು ಚಿಪ್ಪನ್ನು ಕಟ್ಟೆಯ ಬುಡಕ್ಕೇ ಇಟ್ಟಿದ್ದೆ, ಅವಳ ಕೈಗೆ ಎಟುಕಲಿ ಎಂಬಂತೆ, ಏನು ಹುಚ್ಚು — ಶಂಖ. ಮೊಳಗಿತು. ಅದೋ, ಅದರ ಜೊತೆಗೇ ಮೇಲೆ ಗುಡ್ಡದಲ್ಲಿ ಒಂದು ಎಂಜಿನಿನ ಸದ್ದು, ನನ್ನ ಕಾರಿನದೇ, ಇಪ್ಪತ್ತು ವರ್ಷದ ಕಿವಿ ಇದು, ತಪ್ಪುವುದಿಲ್ಲ, ಇಳಿಯುತ್ತಾ ಬರುತ್ತಿದ್ದ ಸದ್ದು ದೊಡ್ಡ ತಿರುವಿನ ಹತ್ತಿರ ನಿಂತುಹೋಯಿತು, ಶಂಖ ಕೇಳಿ ಲುಪೆ ನಿಲ್ಲಿಸಿದಳು, ನನ್ನ ಮಗಳಲ್ಲವೇ, ನಿಲ್ಲಿಸಲೇಬೇಕು, ಇಳಿಜಾರಿನಲ್ಲಿ. ಆ ಕಟ್ಟಳೆ ನನ್ನದೇ, ಶಂಖ ಕೇಳಿದಲ್ಲಿ ಚಕ್ರ ನಿಲ್ಲಬೇಕು, ಹೋದ ವರ್ಷ ಬಸ್ಸಿನವನು ಗೋಗರೆದ, ಯಜಮಾನ್ರೇ, ಇದು ಇಳಿಜಾರು, ಕೆಳಗೆ ಚರ್ಚಿನ ಹತ್ರ ಹೋಗಿ ನಿಲ್ಸ್ಕೋತೀನಿ, ಒಂದೇ ನಿಮಿಷ, ನಾನು ಸಭೆಯ ನಡುವೆ ಕೈಯೆತ್ತಿ ಹೇಳಿದೆ, ಇಳಿಜಾರಲ್ಲಿ ದೇವರಿಲ್ಲ ಅಂದ್ಕೊಂಡಿದೀಯೇನಪ್ಪಾ, ಎಲ್ಲರೂ ತಲೆದೂಗಿದರು, ನಾನೂ ನನ್ನ ಮಾತಿಗೆ ತಲೆದೂಗಿದೆ.

ಅಣ್ಣಾ, ಬಾ ಒಳಗೆ, ಹಾಡು ಶುರು ಮಾಡ್ಬೇಕು, ತಂಗಿ ಮೆಲೆ ಕರೆಯುತ್ತಾಳೆ, ಹೋಗಿ ಚಾಪೆಯ ಮೇಲೆ ಕುಳಿತುಕೊಳ್ಳುತ್ತೇನೆ, ಕಾಲು ತಾನಾಗಿ ಮಡಚಿಕೊಳ್ಳುತ್ತದೆ, ಬಾಯಿ ತಾನಾಗಿ ಹಾಡುತ್ತದೆ, ಮುಷ್ಟಿಯೊಳಗೆ ಕ್ಲಿಪ್ಪು, ನಮ್ಮ ಮನೆಗೆ ಗೋಡೆಯಿಲ್ಲ, ಕಂಬಗಳ ನಡುವಿನಿಂದ ಗುಡ್ಡ ಪೂರ್ತಿ ಕಾಣುತ್ತದೆ, ತಿರುವು ಮಾತ್ರ ಮರಗಳ ಹಿಂದೆ. ಕಣ್ಣು ಮುಚ್ಚಿದರೆ ಕಾರಿನ ಹೊಟ್ಟೆ ಕಾಣುತ್ತದೆ, ಕ್ಲಿಪ್ಪಿಲ್ಲದ ತುದಿ ಒಂದೊಂದು ಹೊಂಡಕ್ಕೂ ಒಂದೊಂದು ಕೂದಲೆಳೆ ಜಾರುತ್ತದೆ, ದಿನವೆಲ್ಲ ಜಾರಿ ಜಾರಿ ಪಿನ್ನಿನ ತುದಿಗೆ ಬಂದಿರುತ್ತದೆ, ಅರ್ಧ ಕಚ್ಚಿಕೊಂಡು, ಆಗ ಕಡ್ಡಿಯನ್ನು ಪಿ ಅಕ್ಷರಕ್ಕೆ ತಂದರೂ ಗೇರ್‌ಬಾಕ್ಸಿನೊಳಗಿನ ಕೊಕ್ಕೆ ಹಲ್ಲುಚಕ್ರದ ಹಲ್ಲುಗಳ ನಡುವೆ ಪೂರ್ತಿ ಇಳಿಯುವುದಿಲ್ಲ, ಹಲ್ಲಿನ ಅಂಚಿನ ಮೇಲೆ ಕುಳಿತುಕೊಳ್ಳುತ್ತದೆ, ನಿಂತ ಹಾಗೆ ನಟಿಸುತ್ತದೆ, ಸ್ವಲ್ಪ ಹೊತ್ತು, ಆಮೇಲೆ ಬಿಡುತ್ತದೆ. ಹ್ಯಾಂಡ್‌ಬ್ರೇಕು ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತು ಎರಡು ವರ್ಷ. ಲುಪೆ ಕಾರು ನಿಲ್ಲಿಸಿ ಇಳಿದಿರುತ್ತಾಳೆ, ದಾರಿಯ ಬದಿಯ ಹುಲ್ಲಿನಲ್ಲಿ ಕುಳಿತು ತಲೆ ಬಾಗಿಸಿರುತ್ತಾಳೆ, ಹಾಗೆಯೇ ಕಲಿಸಿದ್ದೇನೆ, ಮಕ್ಕಳು ಮಾತ್ರ ಹಿಂದೆ ನಿದ್ದೆಯಲ್ಲಿ, ಪಟ್ಟಣದಿಂದ ಬರುವಾಗ ಅವು ಯಾವಾಗಲೂ ನಿದ್ದೆ, ಸೆಫೊ ಬಾಯಿ ತೆರೆದುಕೊಂಡು, ಪುಟ್ಟಿ ಅವನ ತೊಡೆಯ ಮೇಲೆ ತಲೆಯಿಟ್ಟುಕೊಂಡು, ತಿರುವಿನಿಂದ ದಾರಿ ಎಲ್ಲಿಯೂ ಸೊಟ್ಟಗಾಗದೆ ನೇರ ಇಳಿದು ಚರ್ಚಿನ ಗೋಡೆಗೆ, ಗೋಡೆ ತಪ್ಪಿದರೆ ಸಮುದ್ರಕ್ಕೆ. ಫೋನು, ಪ್ರಾರ್ಥನೆಯ ಹೊತ್ತಿನಲ್ಲಿ ಮುಟ್ಟಬಾರದು, ಮುಟ್ಟುತ್ತೇನೆ, ಮುಟ್ಟಿದೆ, ಲುಪೆಯ ನಂಬರು ಒತ್ತಿದೆ, ಕಂಬದ ಬುಡದಲ್ಲಿ ಇನ್ನೊಂದು ಫೋನು ಗುರ್ ಎಂದು ನಡುಗಿ ಬೆಳಗಿತು, ಅವಳದೇ, ಚಾರ್ಜಿಗೆ ಹಾಕಿ ಮರೆತು ಹೋಗಿದ್ದಾಳೆ. ಮೆಲೆ ಹಾಡು ನಿಲ್ಲಿಸದೆ ಕಣ್ಣು ದೊಡ್ಡದು ಮಾಡಿದಳು.

ಕಲ್ಲು. ಕಲ್ಲು ಬೇಕು. ಕಲ್ಲು ಕಾರಿನಲ್ಲಿ ಇಲ್ಲ. ಫುವಾಟಿನೊ ತನ್ನ ತವರಿನ ಕಡಲಂಚಿನಿಂದ ತಂದ ಕಪ್ಪು ಕಲ್ಲು, ಒಂದು ಕಡೆ ಚಪ್ಪಟೆ, ಒಂದು ಕಡೆ ಏಣು, ಎಲ್ಲಿ ನಿಲ್ಲಿಸಿದರೂ ಇಳಿದು ಅದನ್ನು ಚಕ್ರಕ್ಕೆ ಅಡ್ಡ ಕೊಡುವಳು, ಪಟ್ಟಣದ ಸಂತೆಯ ಸಪಾಟು ಜಾಗದಲ್ಲಿಯೂ, ಮೀನು ಮಾರುವ ಹೆಂಗಸರು ನಗುತ್ತಿದ್ದರು, ಏನ್ರಮ್ಮಾ, ಕಾರು ಓಡಿಹೋಗಿ ಇನ್ನೊಬ್ಬಳನ್ನ ಕಟ್ಕೊಳತ್ತೆ ಅಂತ ಭಯಾನಾ, ಇವಳು ಬಿಡಬೇಕಲ್ಲ, ಕಾರಲ್ಲಮ್ಮ, ಇದನ್ನ ರಿಪೇರಿ ಮಾಡೋ ಮುದುಕನ ಮೇಲೆ ನಂಬಿಕೆ ಇಲ್ಲ ನಂಗೆ. ಇವತ್ತು ಬೆಳಿಗ್ಗೆ ನಾನೇ ಅದನ್ನು ಸೀಟಿನಡಿಯಿಂದ ತೆಗೆದೆ, ಲುಪೆಗೆ ಹೇಳಿದೆ, ಒಂದು ವಾರ ಕೂತು ಮಾಡಿದೀನಿ ಮಗಳೇ, ಸುಟ್ಟ ವಾಸನೆ ಬರ್ತಿದ್ದ ಗೇರಿನ ಎಣ್ಣೆ ಪೂರ್ತಿ ಇಳಿಸಿದೆ, ಅದರಡಿಯ ತಟ್ಟೆ ಬಿಚ್ಚಿ ಕಬ್ಬಿಣದ ಕೆಸರು ಒರೆಸಿದೆ, ಹೊಸ ಕೆಂಪೆಣ್ಣೆ ಹಾಕಿ, ಎಂಜಿನು ಬಿಸಿ ಮಾಡಿ, ಅಳತೆ ಕಡ್ಡಿ ಅದ್ದಿ ಎಣ್ಣೆಯ ಗೆರೆ ನೋಡಿದೆ, ಈಗ ಪಿ ಅಂದ್ರೆ ಬಂಡೆ ಥರ ನಿಲ್ಲತ್ತೆ, ಇನ್ನು ಕಲ್ಲು ಬೇಡ. ಅವಳು ನನ್ನ ಮುಖ ನೋಡಿ, ಆಯ್ತಪ್ಪಾ ಎಂದಳು. ಕಲ್ಲನ್ನು ತಂದು ಸಮಾಧಿಯ ತಲೆಯ ಕಡೆ ಇಟ್ಟೆ, ನಿನ್ನ ಕೆಲಸ ಮುಗಿಯಿತು ಕಣೇ ಎಂದು ಅವಳಿಗೂ ಹೇಳಿದೆ, ಜಂಬದಿಂದ ಹೇಳಿದೆನೇ ಕರ್ತನೇ, ಅದಕ್ಕೇ ಈ ಶಿಕ್ಷೆಯೇ, ಶಿಕ್ಷೆ ನನಗಿರಲಿ, ಆ ಕೂಸುಗಳ ತಲೆಗೆ ಬೇಡ. ಎದ್ದೆ. ಹಾಡಿನ ನಡುವೆ ಎದ್ದೆ. ಅಣ್ಣಾ, ಎಲ್ಲಿಗೋ, ಅಣ್ಣಾ, ಎರಡನೇ ಶಂಖ ಆಗಿಲ್ಲ — ಅಂಗಳಕ್ಕೆ ಇಳಿದೆ, ಕಲ್ಲನ್ನಾದರೂ ಎತ್ತಿಕೊಂಡು ಹೋಗಿ ಚಕ್ರಕ್ಕೆ ಕೊಡೋಣ, ಸಮಾಧಿಯ ತಲೆಯ ಕಡೆ ಕೈಯಿಟ್ಟೆ, ಬಿಳಿಯ ಹರಳುಗಳಿವೆ, ಬಾಡಿದ ಹೂವಿದೆ, ಕಲ್ಲು ಇಲ್ಲ. ಇಟ್ಟ ಜಾಗದಲ್ಲಿ ಹರಳು ಸರಿದು ಗುಳಿಯಾಗಿದೆ, ಕಲ್ಲು ಇಲ್ಲ, ಸತ್ತವರ ತಲೆಯ ಕಡೆಯಿಂದ ಯಾರು ಕಲ್ಲು ತೆಗೆಯುತ್ತಾರೆ, ಫುವಾಟಿನೊ, ನೀನೇ ತೆಗೆದುಕೊಂಡೆಯಾ, ಕೋಪವೇ, ನಡೆ, ಬರಿಗೈಯಲ್ಲಾದರೂ ನಡೆ, ಮೈಯನ್ನೇ ಕೊಡು ಚಕ್ರಕ್ಕೆ.

ದಾರಿ ಬರಿದು, ಎರಡೂ ಕಡೆಯ ಮನೆಗಳಲ್ಲಿ ಹಾಡು, ಕಂಬಗಳ ನಡುವೆ ತಲೆ ಬಾಗಿಸಿದವರೆಲ್ಲ ನನ್ನ ಹೆಜ್ಜೆ ಕೇಳಿ ಓರೆಗಣ್ಣಿನಲ್ಲಿ ನೋಡುತ್ತಾರೆ, ನೋಡಲಿ, ಚಪ್ಪಲಿ ಹಾಕಲಿಲ್ಲ, ಡಾಂಬರು ಇನ್ನೂ ಬಿಸಿ, ಮೂಲೆಯಲ್ಲಿ ಪ್ರಾರ್ಥನೆಯ ಹೊತ್ತು ದಾರಿ ಕಾಯುವ ಕಾವಲಿನವರು, ಕೋಲು ಹಿಡಿದು ಬರುತ್ತಾನೆ ಟವಿತ, ನಿಲ್ಲೋ, ಯಾರದು, ಪ್ರಾರ್ಥನೆ ಹೊತ್ತಲ್ಲಿ — ಅಯ್ಯೋ, ಸೊಲೊಮೊನಾ, ನೀನೇನಯ್ಯಾ, ತಲೆ ನೆಟ್ಟಗಿದೆಯಾ, ನನ್ನ ಹಂದಿ ತಪ್ಪಿಸ್ಕೊಂಡಾಗ ಹಿಂದೆ ಓಡಿದ್ದಕ್ಕೆ ಆ ಹಂದೀನೇ ದಂಡ ಹಾಕ್ದವನು ನೀನು, ಇವತ್ತು ನೀನೇ ಬೀದೀಲಿ. ಬಿಡೋ ಟವಿತಾ, ಎರಡು ಹಂದಿ ಹಾಕು, ಮೂರು ಹಾಕು, ಕೈ ಬಿಡು. ಏನಾಯ್ತೋ, ಮುಖ ಯಾಕೆ ಹಿಂಗಾಗಿದೆ. ಮುಷ್ಟಿ ಬಿಚ್ಚಿ ತೋರಿಸುತ್ತೇನೆ, ಅವನಿಗೆ ಏನು ತಿಳಿದೀತು, ಉಗುರಿನಷ್ಟು ಕಬ್ಬಿಣ, ಇದಕ್ಕೇನೋ ಇಷ್ಟೊಂದು ಎನ್ನುತ್ತಾನೆ, ಲುಪೆ, ಮೇಲೆ, ಮಕ್ಕಳು ಎಂದೆ, ಅಷ್ಟೇ ಬಂದಿತು, ಅವನು ಕೋಲು ಇಳಿಸಿದ, ಓಡು ಎಂದ, ತಾನು ಮಾತ್ರ ಕದಲಲಿಲ್ಲ, ಕದಲಬಾರದು, ಅದೂ ನನ್ನ ಕಟ್ಟಳೆ.

ಓಡುವುದೆಲ್ಲಿ, ಮೊಣಕಾಲಿನಲ್ಲಿ ಸೂಜಿ, ಎದೆಯಲ್ಲಿ ತಿದಿ, ಏರು ಮುಗಿಯುವುದಿಲ್ಲ, ಈ ದಾರಿಯಲ್ಲಿಯೇ ಫುವಾಟಿನೊಳನ್ನು ಆಸ್ಪತ್ರೆಗೆ ಒಯ್ದದ್ದು, ಇದೇ ಕಾರಿನಲ್ಲಿ, ಏರಿನಲ್ಲಿ ಗೇರು ಜಾರುತ್ತಿತ್ತು, ಎಂಜಿನು ಕಿರಿಚಿದರೂ ಕಾರು ಮುಂದೆ ಹೋಗದು, ನಿಧಾನಕ್ಕೆ ಹೋಗು ಮುದುಕಾ, ಯಾರಿಗೆ ಅವಸರ ಎಂದಳು, ಹೋಗುವಾಗ ಮಾತಾಡಿದವಳು ಬರುವಾಗ ಮಾತಾಡಲಿಲ್ಲ, ಅದಕ್ಕೇ ಅಲ್ಲವೇ ಈ ಗೇರ್‌ಬಾಕ್ಸನ್ನು ಬಿಚ್ಚಲು ಕುಳಿತದ್ದು, ಇನ್ನು ಯಾರನ್ನೂ ಇದು ಏರಿನಲ್ಲಿ ಕೈಬಿಡಬಾರದು ಎಂದು — ಸದ್ದು, ಏನದು, ಟಯರಿನ ಸದ್ದೇ, ಅಲ್ಲ, ಬಾವಲಿ, ದೀವಿಹಲಸಿನ ಮರದಲ್ಲಿ ಬಾವಲಿ, ಉಸಿರು, ಉಸಿರು ಎಲ್ಲಿ ಹೋಯಿತು, ಸುಮ್ಮನಿದೆ ಗುಡ್ಡ, ಸುಮ್ಮನಿರುವುದೇ ಭಯ, ಉರುಳುವ ಕಾರಿಗೆ ಎಂಜಿನಿನ ಸದ್ದಿರುವುದಿಲ್ಲ, ಅದು ಸುಮ್ಮನೆಯೇ ಬರುತ್ತದೆ, ದಾರಿಯ ನಡುವೆಯೇ ನಡೆಯುತ್ತೇನೆ, ಬಂದರೆ ನನ್ನ ಮೇಲೆಯೇ ಬರಲಿ, ನನ್ನನ್ನು ದಾಟಿ ಹೋಗದಿರಲಿ, ಇನ್ನು ಇಪ್ಪತ್ತು ಹೆಜ್ಜೆ, ತಿರುವಿನ ಮರಗಳು, ಹತ್ತು ಹೆಜ್ಜೆ, ಇದೆ. ನಿಂತಿದೆ. ಮೂತಿ ಕೆಳಕ್ಕೆ ಮಾಡಿ ನನ್ನ ಕಡೆಯೇ ನೋಡುತ್ತ ನಿಂತಿದೆ, ಗಾಜಿನೊಳಗೆ ಹಿಂದಿನ ಸೀಟಿನಲ್ಲಿ ಸೆಫೊನ ತಲೆ ಒಂದು ಕಡೆಗೆ ವಾಲಿದೆ, ಹುಲ್ಲಿನ ಮೇಲೆ ಲುಪೆ, ಬಾಗಿದ ತಲೆ, ತುಟಿ ಆಡುತ್ತಿದೆ. ಕೂಗಬೇಡ, ಕೂಗಿದರೆ ಮಕ್ಕಳು ಎದ್ದು ಕುಣಿಯುತ್ತವೆ, ಕಾರು ಕುಲುಕುತ್ತದೆ, ಹಲ್ಲಿನ ಅಂಚು ಅಷ್ಟಕ್ಕೇ ಕಾದಿದೆ, ಮೆಲ್ಲಗೆ ಹೋಗು, ಬಾನೆಟ್ಟಿಗೆ ಅಂಗೈ ಕೊಡು, ಬಿಸಿ, ಬಗ್ಗು, ಚಕ್ರ ನೋಡು — ಕಲ್ಲು. ಮುಂದಿನ ಚಕ್ರದ ಬಾಯಿಯಲ್ಲಿ ಕಪ್ಪು ಕಲ್ಲು, ಏಣು ಮೇಲಕ್ಕೆ, ಫುವಾಟಿನೊ ಇಡುತ್ತಿದ್ದ ಹಾಗೆಯೇ. ಅಪ್ಪಾ, ಲುಪೆ ಕಣ್ಣು ತೆರೆದಿದ್ದಾಳೆ, ಪಿಸುಗುಟ್ಟುತ್ತಾಳೆ, ನೀನ್ಯಾಕೆ ಬಂದೆ, ಪ್ರಾರ್ಥನೆ ಮುಗಿದಿಲ್ಲ, ಬೈಬೇಡಪ್ಪಾ, ಬೆಳಿಗ್ಗೆ ನೀನು ಒಳಗೆ ಹೋದ್ಮೇಲೆ ಅಮ್ಮನ್ನ ಕೇಳಿ ತಗೊಂಡೆ, ನಿನ್ ಕೆಲಸದ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಕೈಗೆ ರೂಢಿ ಅಷ್ಟೇ. ಕೇಳಿಸುತ್ತಿದೆ, ನಾನು ನೋಡುತ್ತಿರುವುದು ಕಲ್ಲನ್ನಲ್ಲ, ಕಲ್ಲಿನ ಹಿಂದಿನ ಗೀರನ್ನು, ಡಾಂಬರಿನ ಮೇಲೆ ಬೆಳ್ಳಗೆ, ಹಸಿ ಗೀರು, ನಾಲ್ಕು ಬೆರಳಿನಷ್ಟು, ಚಕ್ರ ಕಲ್ಲನ್ನು ತಳ್ಳಿಕೊಂಡು ಬಂದಿದೆ, ಎಂದರೆ ಕೊಕ್ಕೆ ಬಿಟ್ಟಿತ್ತು, ಆಗಲೇ ಬಿಟ್ಟಿತ್ತು, ನಾನು ಚಾಪೆಯ ಮೇಲೆ ಹಾಡುತ್ತಿದ್ದಾಗ, ಲುಪೆ ಕಣ್ಣು ಮುಚ್ಚಿದ್ದಾಗ, ಇಡೀ ಕಾರು, ಕೂಸುಗಳ ಸಮೇತ, ಈಗ ಇರುವುದು ಗೇರಿನ ಮೇಲಲ್ಲ. ಕೆಳಗೆ ಶಂಖ ಮೊಳಗಿತು, ಎರಡನೆಯದು, ಊರು ಉಸಿರು ಬಿಟ್ಟಿತು, ನಾಯಿ ಬೊಗಳಿತು, ಸೆಫೊ ಎದ್ದು ಗಾಜಿಗೆ ಮೂಗು ಒತ್ತಿ ತಾತಾ ಎಂದ, ಲುಪೆ ಹುಲ್ಲು ಕೊಡವಿಕೊಂಡು ಬಂದು ಕಲ್ಲು ತೆಗೆಯಲು ಬಗ್ಗಿದಳು, ಮುಟ್ಟಬೇಡ, ಮುಟ್ಟಬೇಡ ಕಣೇ, ಮೊದಲು ಮಕ್ಕಳನ್ನ ಇಳಿಸು, ಯಾಕಪ್ಪಾ, ಇಳಿಸು, ಅವಳು ಬಾಗಿಲು ತೆರೆದ ಸದ್ದು, ಪುಟ್ಟಿ ಅತ್ತ ಸದ್ದು, ಎರಡೂ ಕೂಸು ಹುಲ್ಲಿನ ಮೇಲೆ, ಎರಡೂ, ಎಣಿಸಿದೆ, ಸ್ತೋತ್ರ ಕರ್ತನೇ ಎನ್ನಬೇಕು, ಏಳು ಮುದುಕಾ, ಏಳಲಾಗುವುದಿಲ್ಲ, ಚಕ್ರ, ನಾಲ್ಕು ಬೆರಳಿನ ಗೀರು, ಕಲ್ಲು, ಅದರ ಏಣಿನ ಮೇಲೆ ಒತ್ತಿಕೊಂಡ ಟಯರು, ಕಲ್ಲು