ಏಣಿ ಹತ್ತಿದ ಚಕ್ರ

ನಂಬೋಜೊಳ ತೋಟವಿದ್ದದ್ದು ಎಲ್ಗಾನ್ ಬೆಟ್ಟದಲ್ಲಿ, ಗೋಡೆಯಂತೆ ನಿಂತ ಬಂಡೆಯ ಮೇಲೆ. ಕೆಳಗಿನ ಊರಿಗೆ ಹೋಗಬೇಕೆಂದರೆ ಮರದ ಏಣಿಯೊಂದೇ ಗತಿ. ಗಂಡನ ಮನೆ ಬಿಟ್ಟು ಬಂದ ವರ್ಷ, ಯಾರಿಗೂ ಬೇಡವಾಗಿದ್ದ ಆ ಇಳಿಜಾರನ್ನು ತನ್ನ ಹೆಸರಿನಲ್ಲೇ ಕೊಂಡು, ಬಾಳೆಯ ನೆರಳಿನಲ್ಲಿ ಕಾಫಿ ಗಿಡ ನೆಟ್ಟಿದ್ದಳು. ಈಗ ಯಾವ ಗಿಡ ಮೊದಲು ಹಣ್ಣಾಗುತ್ತದೆ, ಯಾವುದು ಸತಾಯಿಸುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಕಷ್ಟವಿದ್ದದ್ದು ಕೊಯ್ಲಿನಲ್ಲಿ. ಕಿತ್ತ ದಿನವೇ ಸಿಪ್ಪೆ ಬಿಡಿಸದಿದ್ದರೆ ಹಣ್ಣು ಹುಳಿಯುತ್ತದೆ. ಸಿಪ್ಪೆ ಬಿಡಿಸುವ ಯಂತ್ರವಿದ್ದದ್ದು ಕೆಳಗೆ, ಮಫಾಬಿಯ ಅಂಗಳದಲ್ಲಿ ಮಾತ್ರ. ಮೂಟೆ ಹೊತ್ತು ಏಣಿ ಇಳಿದು ಹೋದರೆ ಅವನು, "ಗಂಡಸರದ್ದು ಮುಗೀಲಿ ತಂಗಿ, ಆಮೇಲೆ ನಿಂದು" ಎನ್ನುತ್ತಿದ್ದ. ಕೆಟ್ಟ ಮನುಷ್ಯನಲ್ಲ, ಅವನ ಅಪ್ಪನೂ ಹಾಗೇ ಹೇಳುತ್ತಿದ್ದ, ಇವನೂ ಹೇಳುತ್ತಿದ್ದ. ಹೋದ ಕೊಯ್ಲಿನಲ್ಲಿ ಕಾದು ಕೂತೇ ಎರಡು ಮೂಟೆ ಹಾಳಾದಾಗ ನಂಬೋಜೊ ಜಗಳವಾಡಲಿಲ್ಲ. ಮನೆಗೆ ಬಂದು, ಮುದ್ದಿನಿಂದ ಸಾಕಿದ ಕಡಸನ್ನು ಮಾರಿ, ಎಂಬಾಲೆ ಪೇಟೆಯಲ್ಲಿ ಕೈಯಿಂದ ತಿರುಗಿಸುವ ಹಳೆಯ ಯಂತ್ರವೊಂದನ್ನು ಗೊತ್ತು ಮಾಡಿದಳು.

ಸುದ್ದಿ ಕೇಳಿ ಮಫಾಬಿ ನಕ್ಕಿದ್ದ. "ಕಬ್ಬಿಣ ಏಣಿ ಹತ್ತುತ್ತಾ? ರೆಕ್ಕೆ ಹಚ್ಚಿಸ್ತೀಯೇನು?"

ಉತ್ತರ ಕೊಟ್ಟದ್ದು ನಂಬೋಜೊಳ ಸೋದರತ್ತೆ, ಎಪ್ಪತ್ತರ ನಗುದಿ. "ನಿನ್ನ ಹೊಟ್ಟೇಲಿಟ್ಕೊಂಡು ನಿಮ್ಮಮ್ಮ ಇದೇ ಏಣಿ ಹತ್ತಿದ್ಲು ಕಣೋ. ಅದಕ್ಕಿಂತ ಭಾರ ಇರತ್ತಾ ಇದು?"

ಯಂತ್ರ ಕತ್ತೆಯ ಬೆನ್ನೇರಿ ಏಣಿಯ ಬುಡಕ್ಕೆ ಬಂದ ದಿನ ಎಂಟು ಹೆಂಗಸರು ಸೇರಿದರು. ಬಿಡಿಬಿಡಿಯಾಗಿ ಬಿಚ್ಚಿ, ಒಬ್ಬೊಬ್ಬರು ಒಂದೊಂದು ಭಾಗ ಹೊತ್ತು ಹತ್ತಿದರು. ಎಲ್ಲಕ್ಕಿಂತ ಭಾರದ ಚಕ್ರವನ್ನು ನಂಬೋಜೊ ಮಗುವನ್ನು ಕಟ್ಟಿಕೊಳ್ಳುವಂತೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡಳು.

ಅರ್ಧ ಹತ್ತಿದ್ದಳು. ಮೇಲಿನ ಕಾಡಿನಿಂದ ಬಿದಿರುಕಳಲೆಯ ಹೊರೆ ಹೊತ್ತು ಒಬ್ಬ ಇಳಿಯುತ್ತಿದ್ದ. ನೋಡಿದರೆ ಮಫಾಬಿ. ಆ ಏಣಿಯಲ್ಲಿ ಇಬ್ಬರು ಎದುರುಬದುರಾಗಿ ದಾಟುವಂತಿರಲಿಲ್ಲ.

"ಕೆಳಗಿಳಿ ತಂಗಿ."

"ಇಳಿಯೋಕಾಗಲ್ಲ ಅಣ್ಣ. ಗಂಟು ಸಡಿಲ ಆಗ್ತಿದೆ."

ಹೇಳುತ್ತಿರುವಾಗಲೇ ಚಕ್ರ ಬೆನ್ನಿನಿಂದ ಪಕ್ಕಕ್ಕೆ ಜಾರಿ ಮೆಟ್ಟಿಲಿಗೂ ಬಂಡೆಗೂ ನಡುವೆ ಸಿಕ್ಕಿಕೊಂಡಿತು. ಬುಡದಲ್ಲಿ ನಿಂತಿದ್ದ ನಗುದಿ ಕೂಗಿದಳು: "ಮಫಾಬಿ, ನೋಡ್ತಾ ನಿಂತ್ಕೊಳ್ಳೋಕೆ ಅದೇನು ಮದುವೆ ಮೆರವಣಿಗೇನೋ?"

ಅವನು ತಿರುಗಿ ಮೇಲಕ್ಕೆ ಹತ್ತಿದ. ಹೊರೆ ಬಿಚ್ಚಿ, ಅದರ ಹಗ್ಗವನ್ನೇ ಕೆಳಗೆ ಬಿಟ್ಟ. ನಂಬೋಜೊ ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದು ಕೈಯಿಂದ ಹಗ್ಗವನ್ನು ಚಕ್ರದ ಕಡ್ಡಿಗಳ ನಡುವೆ ತೂರಿಸಿ, ಹಲ್ಲಿನಿಂದ ಎಳೆದು ಗಂಟು ಬಿಗಿದಳು. ಮೊದಲೇ ಮೇಲೆ ತಲುಪಿದ್ದ ಹೆಂಗಸರೂ ಮಫಾಬಿಯೂ ಎಳೆದರು; ಅವಳು ಹೆಗಲು ಕೊಟ್ಟು ನೂಕಿದಳು. ಚಕ್ರ ಬಂಡೆಯ ತುದಿ ದಾಟಿ ಹುಲ್ಲಿನ ಮೇಲೆ ಬಿದ್ದಾಗ ಎಲ್ಲರೂ ಅದರ ಸುತ್ತ ಕುಸಿದು ಕೂತರು. ಯಾರೋ ಒಬ್ಬಳಿಗೆ ನಗು ಬಂತು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ಯಂತ್ರ ಜೋಡಿಸಿದ್ದೂ ಮಫಾಬಿಯೇ. ಹೆಂಗಸರು ತಿರುಪು ಬಿಗಿಯುವುದನ್ನು ನೋಡಲಾಗದೆ, "ಬಿಡಿ, ಬಿಡಿ. ಯಂತ್ರದ ಹಲ್ಲು ಬೀಜಾನ ಕಚ್ಚಬಾರದು, ಸಿಪ್ಪೆ ಮಾತ್ರ ಸುಲೀಬೇಕು" ಎಂದು ಮುಂದೆ ಬಂದ. ಅಂತರ ಎಷ್ಟಿರಬೇಕೆಂದು ಬೆರಳಿನ ಉಗುರಿನಿಂದ ಅಳೆದು ತೋರಿಸಿದ. ನಂಬೋಜೊ ಕಣ್ಣು ಮಿಟುಕಿಸದೆ ನೋಡಿ ಕಲಿತಳು.

ಮೊದಲ ಬುಟ್ಟಿ ಸುರಿದು ಅವಳೇ ಹಿಡಿ ತಿರುಗಿಸಿದಳು. ಕೆಂಪು ಸಿಪ್ಪೆ ಒಂದು ಕಡೆ, ಲೋಳೆ ಮೆತ್ತಿದ ಬಿಳಿ ಬೀಜ ಇನ್ನೊಂದು ಕಡೆ. ಒಂದೂ ಒಡೆದಿರಲಿಲ್ಲ. "ನಾಳೆಯಿಂದ ನನ್ನ ಅಂಗಳ ಬಿಕೋ ಅನ್ನತ್ತೆ" ಎಂದ ಮಫಾಬಿ. ಆ ಮಾತಿನಲ್ಲಿ ಸಂಕಟವೇನೂ ಇರಲಿಲ್ಲ.

"ಅಭ್ಯಾಸ ಮಾಡ್ಕೋ ಅಣ್ಣ" ಎಂದಳು ನಂಬೋಜೊ.

ಮಾರನೆಯ ಬೆಳಿಗ್ಗೆ, ಕೊಯ್ಲಿನ ಕಾಲದಲ್ಲಿ ಇದೇ ಮೊದಲ ಸಲ, ಬಿಸಿಲು ಹಾಸಿಗೆಗೆ ಬರುವವರೆಗೂ ಅವಳು ಮಲಗಿದ್ದಳು. ಎದ್ದು ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು, ಏಣಿ ಇಳಿಯುವ ಆತುರವಿಲ್ಲದೆ ಗಿಡಗಳ ಕಡೆ ನಡೆದಳು.